ಪಂಕೋತ್ತರ ವಾದ್ಯವೃಂದದೆದುರು ಹಳೆಯ ಅಭಿಮಾನಿಯ ಅಸ್ಮಿತೆ: ಒಂದು ತಾತ್ವಿಕ ಅನುಸಂಧಾನ

ಪ್ರಸ್ತುತ ಪ್ರಬಂಧವು, ಪಾಮರರು ಪೋಸ್ಟ್-ಪಂಕ್ ಎಂದು ಕರೆಯುವ, ವಿದ್ವತ್ ವಲಯವು ಇನ್ನು ಮುಂದೆ ‘ಪಂಕೋತ್ತರ’ ಎಂದೇ ಕರೆಯತಕ್ಕ ಸಂಗೀತದ ಕಛೇರಿಯಲ್ಲಿ ಹಳೆಯ ಅಭಿಮಾನಿಯು ನಿಂತುಕೊಂಡಿರುವ ಕ್ರಿಯೆಗೆ ಅಂತರ್‌ಶಿಸ್ತೀಯ ಪರಿಪ್ರೇಕ್ಷ್ಯದಲ್ಲಿ ಮುಖಾಮುಖಿಯಾಗುವ ವಿನಮ್ರ ಪ್ರಯತ್ನ. ಅಧ್ಯಯನದ ವ್ಯಾಪ್ತಿ: 1976ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ವೈರ್ ಎಂಬ ತಂಡ. ಅಧ್ಯಯನದ ಮಿತಿ: ಮಂಡಿನೋವು.

ಅಭಿಮಾನಿಯೆಂಬುದು ಸ್ಥಿರ ಅಸ್ಮಿತೆಯಲ್ಲ. ನೆನಪು, ದೇಹ, ಬಂಡವಾಳ ಮತ್ತು ಬಿಯರುಗಳ ಹೆಣಿಗೆಯಲ್ಲಿ ನಿರಂತರವಾಗಿ ರೂಪುಗೊಳ್ಳುತ್ತಲೇ ಇರುವ ಒಂದು ಸಂಕಥನ. ಇದನ್ನು ಏಳು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯವನು ಆದ್ಯಸಾಕ್ಷಿ. 1977ರಲ್ಲಿ ಲಂಡನ್ನಿನ ರಾಕ್ಸಿ ಕ್ಲಬ್ಬಿನಲ್ಲಿ ತಾನಿದ್ದೆ ಎಂಬುದೇ ಇವನ ಸತ್ತಾಮೀಮಾಂಸೆ. ಆಗ ಅವನಿಗೆ ಎಂಟು ವರ್ಷವಾಗಿತ್ತೆಂಬುದು ಬೇರೆ ಮಾತು. ಎರಡನೆಯವನು ಅನುಕ್ರಮಣಿಕಾಕಾರ. ಡ್ರಮ್ಮಿನ ಮೊದಲ ಪೆಟ್ಟಿಗೇ ಹಾಡಿನ ಹೆಸರು, ಆಲ್ಬಮ್ಮು, ಇಸವಿ ಮೂರನ್ನೂ ಪಕ್ಕದವರಿಗೆ ಒಪ್ಪಿಸುತ್ತಾನೆ. ಪಕ್ಕದವರ ಕಿವಿಯಲ್ಲಿ ಹಳದಿ ಸ್ಪಂಜಿನ ಬಿರಡೆ ಇರುವುದರಿಂದ ಕಿರುಚಿಯೇ ಒಪ್ಪಿಸಬೇಕಾಗುತ್ತದೆ. ಮೂರನೆಯವನು ಯಾಚಕ, ಹಳೆಯ ಹಾಡಿಗಾಗಿ ಅರಚುವವನು. 1980ರ ಫೆಬ್ರವರಿಯಲ್ಲಿ ಲಂಡನ್ನಿನ ಎಲೆಕ್ಟ್ರಿಕ್ ಬಾಲ್‌ರೂಮಿನಲ್ಲಿ ತಂಡ ‘12ಎಕ್ಸ್‌ಯು’ ಎಂಬ ತನ್ನ ಹಳೆಯ ಹಾಡಿನ ಒಂದು ತುಣುಕನ್ನಷ್ಟೇ ನುಡಿಸಿ, ಸಭೆಯ ಗಲಾಟೆ ಸಮೇತ ಅಂದಿನ ಕಾರ್ಯಕ್ರಮವನ್ನು ರೆಕಾರ್ಡಾಗಿ ಹೊರತಂದಿತು. ಯಾಚಕನು ಅದನ್ನೂ ದುಡ್ಡು ಕೊಟ್ಟು ಕೊಂಡ. ನಾಲ್ಕರಿಂದ ಏಳರವರೆಗಿನವರು ಶೌಚಾಲಯದ ಸಾಲಿನಲ್ಲಿರುವುದರಿಂದ ವಿಂಗಡಣೆಯನ್ನು ಇಲ್ಲಿಗೇ ಕೈಬಿಡಲಾಗಿದೆ.

ಈಗ ಪಠ್ಯ. 1977ರ ‘ಪಿಂಕ್ ಫ್ಲ್ಯಾಗ್’ ಆಲ್ಬಮ್ಮಿನಲ್ಲಿ 21 ಹಾಡುಗಳು. ಒಟ್ಟು ಸುಮಾರು 35 ನಿಮಿಷ. ಒಂದು ಹಾಡಂತೂ ಅರ್ಧ ನಿಮಿಷವೂ ಇಲ್ಲ. ಮಾತು ಮುಗಿಯಿತೋ, ಹಾಡು ಮುಗಿಯಿತು. ಇದನ್ನು ‘ಸಮಾಪ್ತಿಯ ರಾಜಕಾರಣದ ವಿಘಟನಾತ್ಮಕ ಮರು-ಓದು’ ಎಂದು ಬಣ್ಣಿಸಿದ ಉಪನ್ಯಾಸವೊಂದನ್ನು ನಾನು ಪೂರ್ತಿ ಕೇಳಿದ್ದೇನೆ. ಆ ಹೊತ್ತಿನಲ್ಲಿ ಇಡೀ ಆಲ್ಬಮ್ಮನ್ನು ಕೇಳಿ, ಕಾಫಿ ಕುಡಿದು ಬರಬಹುದಿತ್ತು. ಹಾಡಿನ ಒಂದು ಸ್ವರವನ್ನೂ ಅಲ್ಲಿ ಕೇಳಿಸಲಿಲ್ಲ. ಹೊತ್ತಿಲ್ಲ ಎಂದರು!

ಪ್ರಬಂಧದ ಕೇಂದ್ರಘಟನೆ 1987ರದು. ಅಮೆರಿಕ ಪ್ರವಾಸಕ್ಕೆ ಹೊರಟ ವೈರ್, ಹಳೆಯ ಹಾಡುಗಳನ್ನು ನುಡಿಸುವುದಿಲ್ಲವೆಂದು ಕೂತಿತು. ಕೇಳುವವರು ಬಿಡಬೇಕಲ್ಲ? ‘ಎಕ್ಸ್-ಲಯನ್ ಟೇಮರ್ಸ್’ ಎಂಬ ತಂಡವೊಂದಿತ್ತು; ವೈರ್‌ನದೇ ಹಾಡೊಂದರ ಹೆಸರಿಟ್ಟುಕೊಂಡು ವೈರ್‌ನ ಹಾಡುಗಳನ್ನೇ ನುಡಿಸುವ ಹುಡುಗರು. ಅವರನ್ನೇ ಜೊತೆಗೆ ಕರೆದೊಯ್ದರು. ಮೊದಲು ಹುಡುಗರು ‘ಪಿಂಕ್ ಫ್ಲ್ಯಾಗ್’ ಅನ್ನು ಮೊದಲಿನಿಂದ ಕೊನೆಯವರೆಗೆ ನುಡಿಸಿ ಇಳಿಯಬೇಕು, ಆಮೇಲೆ ಅಸಲಿ ತಂಡ ಬಂದು ಹೊಸದನ್ನು ನುಡಿಸಬೇಕು. ಕರ್ತೃವಿನ ಸ್ವಯಂ-ಸ್ಥಾನಪಲ್ಲಟ, ಮೂಲ ಮತ್ತು ನಕಲುಗಳ ದ್ವಂದ್ವಾತ್ಮಕ ಸಂವಾದ ಎಂದೆಲ್ಲ ಇಲ್ಲಿ ನಾಲ್ಕು ಪುಟ ತುಂಬಿಸಬಹುದು. ನನಗೆ ಕಾಣುವುದು ಶುದ್ಧ ತುಂಟತನ. ನಿಮಗೆ ನಿಮ್ಮ ಹರೆಯ ಬೇಕಿತ್ತಲ್ಲ, ತಗೊಳ್ಳಿ, ಏಳೂವರೆಗೆ ಮುಗಿಯಿತು. ಈಗ ನಮ್ಮ ಕೆಲಸ ನೋಡಿ.

ವೈರ್‌ನ ಡ್ರಮ್ಮರ್ ರಾಬರ್ಟ್ ಗ್ರೇ ವಿಷಯವಂತೂ ಯಾವ ಪರಿಭಾಷೆಗೂ ಬಗ್ಗುವುದಿಲ್ಲ. ಯಂತ್ರಗಳು ಡ್ರಮ್ಮಿನ ಕೆಲಸ ಕಿತ್ತುಕೊಂಡಾಗ, 1990ರಲ್ಲಿ, ಆತ ತಂಡ ಬಿಟ್ಟ, ಮುಂದೆ ಬೇಸಾಯಕ್ಕಿಳಿದ. ಉಳಿದ ಮೂವರು ಇಂಗ್ಲಿಷಿನಲ್ಲಿ ನಾಲ್ಕಕ್ಷರವಿದ್ದ ತಂಡದ ಹೆಸರಿನಿಂದ ಕೊನೆಯ ಅಕ್ಷರವನ್ನು ಕಿತ್ತುಹಾಕಿದರು. ಹೋದವನ ಜಾಗವನ್ನು ಹೆಸರಿನಲ್ಲೇ ಖಾಲಿ ಬಿಟ್ಟರು. ಆತ ಮರಳಿದಾಗ ಅಕ್ಷರವೂ ಮರಳಿತು. ಮರಳಿದ ಮೇಲೂ ಬೆರಳೆಣಿಕೆಯ ಡ್ರಮ್ಮುಗಳ ಹಿಂದೆ ನೆಟ್ಟಗೆ ಕೂತು, ತೋರಿಕೆಯ ಒಂದು ಪೆಟ್ಟೂ ಇಲ್ಲದೆ ಬಾರಿಸಿದ.

ಹೊಸದನ್ನು ಮಾಡುತ್ತೇವೆಂದು ಹೊರಟ ಆ ಪೀಳಿಗೆಯ ಎಷ್ಟೋ ತಂಡಗಳು ಇಂದು ಮೊದಲ ಆಲ್ಬಮ್ಮನ್ನು ಕಂಠಪಾಠದಂತೆ ಒಪ್ಪಿಸುತ್ತ ಊರೂರು ಸುತ್ತುತ್ತಿವೆ. ಅವರನ್ನು ಬೈಯಲಾರೆ, ಹೊಟ್ಟೆಪಾಡು. ಬೈಯಬೇಕಾದ್ದು ನಮ್ಮನ್ನು. ಮ್ಯಾಂಚೆಸ್ಟರಿನ ದ ಫಾಲ್ ತಂಡದ ಮಾರ್ಕ್ ಇ. ಸ್ಮಿತ್ 2017ರ ನವೆಂಬರಿನಲ್ಲಿ ಗ್ಲಾಸ್ಗೋದಲ್ಲಿ ಗಾಲಿಕುರ್ಚಿಯಲ್ಲಿ ಕೂತು ಹಾಡಿದ. ಮರುವರ್ಷದ ಜನವರಿಯಲ್ಲಿ ತೀರಿಕೊಂಡ, ಅರವತ್ತಕ್ಕೆ. ಗಾಲಿಕುರ್ಚಿಯ ಆ ಚಿತ್ರ ನೋಡಿದವರೆಲ್ಲ ‘ಅಯ್ಯೋ ಪಾಪ’ ಎಂದರು. ಏನು ಪಾಪ? 2017ರ ಜುಲೈಯಲ್ಲಷ್ಟೇ ಆತನ ಹೊಸ ಆಲ್ಬಮ್ ಬಂದಿತ್ತು. ಅದನ್ನು ಕೇಳಿದಿರಾ? ಸಾಯುವ ಮನುಷ್ಯ ಹೊಸ ಹಾಡು ಕಟ್ಟುತ್ತಿದ್ದಾನೆ, ನಾವು ಕೆಳಗೆ ನಿಂತು ನಮ್ಮ ಇಪ್ಪತ್ತರ ಹರೆಯವನ್ನು ವಾಪಸು ಕೊಡೆಂದು ಪೀಡಿಸುತ್ತೇವೆ. ಗ್ಯಾಂಗ್ ಆಫ್ ಫೋರ್‌ನ ಗಿಟಾರ್ ವಾದಕ ಆಂಡಿ ಗಿಲ್ 2020ರಲ್ಲಿ ಹೋದ. ಆ ಗಿಟಾರಿನ ಒರಟು ಕುಯ್ತವನ್ನು ಎದುರು ನಿಂತು ಕೇಳುವ ಯೋಗ ಇನ್ನು ಯಾರಿಗೂ ಇಲ್ಲ.

ಕೊನೆಯಲ್ಲಿ ‘ಈ ಕ್ಷೇತ್ರದಲ್ಲಿ ಹೆಚ್ಚಿನ ಸಂಶೋಧನೆಗೆ ವಿಪುಲ ಅವಕಾಶವಿದೆ’ ಎಂದು ಬರೆಯುವುದು ವಾಡಿಕೆ. ಅವಕಾಶವಿಲ್ಲ. ದಯವಿಟ್ಟು ಯಾರೂ ಬರಬೇಡಿ. ಬರಲೇಬೇಕೆಂದರೆ ಟಿಕೆಟ್ ಕೊಂಡು ಬನ್ನಿ, ಫೋನನ್ನು ಜೇಬಿನಲ್ಲಿಡಿ, ಗೊತ್ತಿಲ್ಲದ ಹಾಡು ಶುರುವಾದಾಗ ಬಿಯರ್ ತರಲು ಹೊರಡಬೇಡಿ.