ಆಶೀರ್ವಾದವೇ ಉಡುಗೊರೆ, ಒಳಗೆ ಎಳ್ಳು-ಬೆಲ್ಲ

ಎಳ್ಳಿನ ವಿಚಾರದಲ್ಲಿ ನಮ್ಮ ರಾಮಾಪುರದ ಹೆಂಗಸರನ್ನು ಯಾರೂ ಆಡಿಕೊಳ್ಳುವ ಹಾಗಿಲ್ಲ. ಕೊಬ್ಬರಿಯ ಕರಿ ಸಿಪ್ಪೆ ಹೆರೆದು, ಹುರಿದ ಕಡಲೆಬೀಜದ ಹೊಟ್ಟು ತೂರಿ, ಬೆಲ್ಲವನ್ನು ಸಣ್ಣಗೆ ಕತ್ತರಿಸಿ ಬಿಸಿಲಿಗಿಟ್ಟು, ಎಳ್ಳು-ಹುರಿಗಡಲೆ ಬೆರೆಸುವಷ್ಟರಲ್ಲಿ ಸಂಕ್ರಾಂತಿ ಬಾಗಿಲಿಗೆ ಬಂದಿರುತ್ತದೆ. ಇಷ್ಟೆಲ್ಲ ಮಾಡಿ ತುಂಬುವುದು ಯಾವುದಕ್ಕೆ? ಕೊಳ್ಳೇಗಾಲದಿಂದ ಡಜನ್ ಲೆಕ್ಕದಲ್ಲಿ ತಂದ ಪ್ಲಾಸ್ಟಿಕ್ ಡಬ್ಬಿಗೆ! ಆ ಡಬ್ಬಿ ಬೀದಿಯೆಲ್ಲ ಸುತ್ತಿ, ಎಲ್ಲೋ ಮುಚ್ಚಳ ಅದಲುಬದಲಾಗಿ, ಸಂಜೆಗೆ ಮತ್ತೆ ಹೊರಟ ಮನೆಗೇ ಬರುತ್ತದೆ. ಒಳಗಿನ ಎಳ್ಳೂ ಎಷ್ಟೋ ಸಲ ಅದೇ. ರುಚಿ ನೋಡಿದವರು ಮಾತ್ರ 'ಅವರ ಮನೇದು ನಮ್ಮಷ್ಟು ಹದವಾಗಿಲ್ಲ ಕನಕ್ಕ' ಅಂತಾರೆ.

ಅದಕ್ಕೇ ನನ್ನ ಮಾತು: ಡಬ್ಬಿಯ ಖಾತೆಯನ್ನು ಮಕ್ಕಳಿಗೆ ವಹಿಸಿಬಿಡಿ. ಕಚ್ಚಾ ಮಾಲಿಗೆ ಎಲ್ಲೂ ಹೋಗಬೇಕಾಗಿಲ್ಲ. ಟಿವಿ ಹಿಂದೆ, ಅಕ್ಕಿ ಡ್ರಮ್ಮಿನ ಮೇಲೆ, ದೇವರ ಗೂಡಿನ ಪಕ್ಕ ಎಷ್ಟು ಲಗ್ನಪತ್ರಿಕೆ ಬಿದ್ದಿವೆ ನೋಡಿ. ಅರಿಸಿನ-ಕುಂಕುಮ ಹಚ್ಚಿ ಕೊಟ್ಟದ್ದನ್ನು ಒಲೆಗೆ ಹಾಕಲು ಮನಸ್ಸು ಬಾರದು, ಇಟ್ಟುಕೊಂಡರೆ ಜಿರಳೆ ಸಂಸಾರ ಹೂಡುತ್ತದೆ.

ಪತ್ರಿಕೆಯ ಕಾಗದ ದಪ್ಪ. ಸುಮ್ಮನೆ ಮಡಿಸಿದರೆ ಸೀಳುತ್ತದೆ. ಇಂಕು ಮುಗಿದ ಬಾಲ್ ಪೆನ್ನನ್ನು ಸ್ಕೇಲಿಗೆ ಒತ್ತಿ ಗೀರು ಹಾಕಿದರೆ ಮಡಿಕೆ ಗೆರೆ ಹೊಡೆದ ಹಾಗೆ ಬರುತ್ತದೆ. ತೆಳುವಾದ ಕಾಗದವಾದರೆ ಅಂಟೂ ಬೇಡ. ಚೌಕವಾಗಿ ಕತ್ತರಿಸಿ, ನಾಲ್ಕು ಮೂಲೆಯನ್ನೂ ನಡುಮಧ್ಯಕ್ಕೆ ತಂದು, ಅಂಚುಗಳನ್ನು ಮತ್ತೆ ನಡುವಿಗೆ ಮಡಿಸಿ ಬಿಡಿಸಿ, ಗೋಡೆ ಎತ್ತಿದರೆ ಆಯಿತು. 20 ಸೆಂಟಿಮೀಟರ್ ಚೌಕಕ್ಕೆ ಸುಮಾರು 7 ಸೆಂಟಿಮೀಟರ್ ಅಗಲ, ಮೂರೂವರೆ ಎತ್ತರದ ಡಬ್ಬಿ. ಮುಚ್ಚಳಕ್ಕೆ ಅರ್ಧ ಸೆಂಟಿಮೀಟರ್ ದೊಡ್ಡ ಚೌಕ. ಮೈದಾ ಗೋಂದಿನ ಸಹವಾಸ ಬೇಡ. ಹಬ್ಬಕ್ಕೆ ಮೊದಲೇ ಇರುವೆಗಳು ಹಬ್ಬ ಮಾಡಿ ಮುಗಿಸಿರುತ್ತವೆ.

ಕೊಬ್ಬರಿ, ಕಡಲೆಬೀಜ ಎಣ್ಣೆ ಬಿಡುವುದರಿಂದ ಒಳಗೊಂದು ಒಣ ಮುತ್ತುಗದ ಎಲೆ ಹಾಸಿ. ಹಳೇ ಪೇಪರ್ ಮಾತ್ರ ಬೇಡ. ತಿನ್ನುವುದನ್ನು ಅದರಲ್ಲಿ ಕಟ್ಟಬಾರದೆಂದು 2018ರ ಆಹಾರ ಪ್ಯಾಕಿಂಗ್ ನಿಯಮವೇ ಹೇಳುತ್ತದೆ. ನಮ್ಮ ಬೋಂಡದ ಅಂಗಡಿಗಳಿಗೆ ಆ ನಿಯಮ ಇನ್ನೂ ಬಸ್ಸಿನಲ್ಲಿ ಬರುತ್ತಾ ಇದೆ.

ನಿಜವಾದ ಮಜಾ ಇರುವುದು ಅಚ್ಚಿನ ಅಕ್ಷರದಲ್ಲಿ. ಕತ್ತರಿ ಎಲ್ಲಿ ಓಡಿತೋ ಅದೇ ಡಬ್ಬಿಯ ಹಣೆಬರಹ. ಒಂದರ ಮೇಲೆ 'ಸುಮುಹೂರ್ತದಲ್ಲಿ', ಇನ್ನೊಂದರ ಮೇಲೆ ಬರೀ 'ಆಗಮನಾಭಿಲಾಷಿಗಳು', ಮತ್ತೊಂದರ ಮುಚ್ಚಳದ ಮೇಲೆ ದಪ್ಪಕ್ಷರದಲ್ಲಿ 'ಆಶೀರ್ವಾದವೇ ಉಡುಗೊರೆ'. ಅದನ್ನು ನೋಡಿದವರು ತೆರೆಯುವುದೋ ಬೇಡವೋ ಅಂತ ಅನುಮಾನಿಸಬೇಕು.

'ಅಜ್ಜಿ, ಇದ್ರಲ್ಲಿ ಗಂಡಿನ ಅರ್ಧ ಮುಖ ಬಂದ್ಬುಡ್ತು!'

'ಇರ್ಲಿ ಬುಡು ಮೊಗ, ಇನ್ನರ್ಧ ಹೆಣ್ಣಿನ ಮನೆಯೋರಿಗೆ ಕೊಡು.'

ಮದುವೆಯಲ್ಲಿ ಎರಡನೇ ಪಂಕ್ತಿಗೆ ಪಲ್ಯ ಸಾಲಲಿಲ್ಲವೆಂದು ಮುನಿಸಿಕೊಂಡವರ ಮನೆಗೆ ಅದೇ ಮದುವೆಯ ಪತ್ರಿಕೆಯ ಡಬ್ಬಿ ಹೋದರೆ ಮಕ್ಕಳನ್ನು ಬೈಯುವಂತಿಲ್ಲ. ರಾಜಿಯಾಗದ ಜಗಳಗಳನ್ನು ಹೀಗೆ ಎಳ್ಳಿನೊಡನೆ ಕಳಿಸುವುದೂ ಒಂದು ಉಪಾಯವೇ.

ಇದು ನಮ್ಮೊಬ್ಬರದೇ ಹುಚ್ಚು ಅಂದುಕೊಳ್ಳಬೇಡಿ. ಯೆಹೂದಿಗಳಿಗೆ ಪೂರಿಮ್ ಅಂತ ಒಂದು ಹಬ್ಬವಿದೆ. ಫೆಬ್ರುವರಿ-ಮಾರ್ಚಿನಲ್ಲಿ ಬರುತ್ತದೆ. ಪರ್ಷಿಯಾದಲ್ಲಿ ತನ್ನ ಜನರನ್ನು ಉಳಿಸಿದ ಎಸ್ತರ್ ರಾಣಿಯ ನೆನಪಿಗೆ ಅವತ್ತು ಕನಿಷ್ಠ ಒಬ್ಬರಿಗಾದರೂ ಎರಡು ಬಗೆಯ ಸಿದ್ಧ ತಿನಿಸು ಕಳಿಸಲೇಬೇಕು. ಮಕ್ಕಳು ವೇಷ ಹಾಕಿಕೊಂಡು, ತಾವೇ ಬಣ್ಣ ಬಳಿದ ಡಬ್ಬಿ, ಬುಟ್ಟಿ ಹಿಡಿದು ಮನೆಮನೆಗೆ ಹೋಗುತ್ತಾರೆ. ಅವರಿಗೆ ಎರಡು ಬಗೆ ಸಾಕು. ನಮ್ಮ ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಬೀಜ, ಹುರಿಗಡಲೆಗೆ ಆಗಲೇ ಐದಾಯಿತು. ಕಬ್ಬಿನ ಜಲ್ಲೆ, ಎಲಚಿಹಣ್ಣು ಬೇರೆ. ವೇಷದಲ್ಲೂ ನಾವು ಹಿಂದಿಲ್ಲ. ಅಮ್ಮನ ಸೀರೆಯಲ್ಲಿ ಹೊಲಿದ ಲಂಗ ತೊಟ್ಟು, ಇದ್ದಬದ್ದ ಬಳೆಯನ್ನೆಲ್ಲ ಏರಿಸಿಕೊಂಡು ಹೊರಟ ಹುಡುಗಿಯ ಮುಂದೆ ಯಾವ ರಾಣಿ?

ಈಗಿನ ಒಂದೇ ತೊಂದರೆ, ಜನ ಮದುವೆಗೆ ವಾಟ್ಸಾಪಿನಲ್ಲಿ ಕರೆಯಲು ಶುರುಮಾಡಿದ್ದಾರೆ. ಅದನ್ನು ಮಡಿಸುವುದು ಹೇಗೆ? ಆದ್ದರಿಂದ ಕಾರ್ತಿಕದಲ್ಲಿ ಮದುವೆ ಇಟ್ಟುಕೊಂಡವರಲ್ಲಿ ಒಂದು ಬಿನ್ನಹ: ದಯವಿಟ್ಟು ಪತ್ರಿಕೆಯನ್ನೇ ಹಾಕಿಸಿ, ದೊಡ್ಡ ಸೈಜಿನದು, ಒಂದು ಮಗ್ಗುಲು ಖಾಲಿ ಬಿಟ್ಟು. ಊಟಕ್ಕೆ ಕರೆಯದಿದ್ದರೂ ಚಿಂತೆಯಿಲ್ಲ, ಪತ್ರಿಕೆ ಮಾತ್ರ ಮರೆಯದೆ ಕಳಿಸಿ.