ಬೆಳಕು ಕುಡಿದು ಬಳಲುವ ಪದರಕ್ಕೊಂದು ಬಹಿರಂಗ ಪತ್ರ

ಪ್ರಿಯ ಅಮಾರ್ಫಸ್ ಸಿಲಿಕಾನೇ,

ನಿನ್ನ ಹೆಸರು ಕೇಳದವರೂ ನಿನ್ನನ್ನು ನೋಡಿದ್ದಾರೆ. ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿರುವ ಕ್ಯಾಲ್ಕುಲೇಟರಿನ ನೆತ್ತಿಯ ಮೇಲೆ ಕಂದುಗಪ್ಪು ಪಟ್ಟಿಯಾಗಿ ಕೂತಿರುವುದು ನೀನೇ. ಬ್ಯಾಟರಿ ಇಲ್ಲದ್ದಾದರೆ, ಆ ಪಟ್ಟಿಯನ್ನು ಹೆಬ್ಬೆರಳಿನಿಂದ ಮುಚ್ಚಿದೊಡನೆ ಅಂಕಿಗಳು ಮಸುಕಾಗಿ ಅಳಿಸಿಹೋಗುತ್ತವೆ. ಸೂರ್ಯನ ಬಿಸಿಲೇ ಬೇಕೆಂದು ನೀನು ಹಟ ಹಿಡಿದವನಲ್ಲ. ಟ್ಯೂಬ್‌ಲೈಟಿನ ಬೆಳಕಲ್ಲೂ ಲೆಕ್ಕ ಮಾಡಿಕೊಟ್ಟೆ.

ನಿನ್ನ ಒಡಹುಟ್ಟಿದ ಸ್ಫಟಿಕ ಸಿಲಿಕಾನಿನಲ್ಲಿ ಪರಮಾಣುಗಳು ಸಾಲು ತಪ್ಪುವುದಿಲ್ಲ. ನಿನ್ನಲ್ಲಿ ಅಕ್ಕಪಕ್ಕದವರೆಗೆ ಸರಿಯಿದ್ದ ಸಾಲು ನಾಲ್ಕು ಹೆಜ್ಜೆ ದಾಟುವಷ್ಟರಲ್ಲಿ ಕೆಟ್ಟಿರುತ್ತದೆ. ಇದನ್ನು ನಿನ್ನ ದೋಷವೆಂದೇ ನಾವು ತರಗತಿಯಲ್ಲಿ ಹೇಳಿಕೊಡುತ್ತೇವೆ. ಆದರೆ ಬೆಳಕನ್ನು ಹೀರುವ ಮಾತು ಬಂದಾಗ ಅದೇ ನಿನ್ನ ಬಲ. ಸ್ಫಟಿಕದಲ್ಲಿ ಎಲೆಕ್ಟ್ರಾನು ಮೇಲಿನ ಶಕ್ತಿ ಪಟ್ಟಿಗೆ ನೆಗೆಯಬೇಕಾದರೆ ಶಕ್ತಿಯ ಲೆಕ್ಕದ ಜೊತೆ ಸಂವೇಗದ ಲೆಕ್ಕವೂ ಕೂಡಿಬರಬೇಕು, ಅದಕ್ಕೆ ಪರಮಾಣುಗಳ ಕಂಪನದ ನೆರವು ಬೇಕು. ಕ್ರಮವೇ ಇಲ್ಲದ ನಿನ್ನಲ್ಲಿ ಆ ಕಟ್ಟುಪಾಡು ಸಡಿಲ. ಹಾಗಾಗಿ ಸ್ಫಟಿಕದ ಬಿಲ್ಲೆ ನೂರು ಮೈಕ್ರಾನಿಗೂ ಹೆಚ್ಚು ದಪ್ಪವಿದ್ದರೆ, ನಿನ್ನ ಕೆಲಸಕ್ಕೆ ಅರ್ಧ ಮೈಕ್ರಾನು ಸಾಕು.

ನಿನ್ನನ್ನು ಲೇಪಿಸಿದ ಗಾಜಿನ ತುಂಡನ್ನು ಮೊದಲ ಸಲ ಕಿಟಕಿಗೆ ಹಿಡಿದು ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಆಚೆಯ ಆಕಾಶ ಬೆಲ್ಲದ ಪಾಕದ ಬಣ್ಣಕ್ಕೆ ತಿರುಗಿತ್ತು. ನೀಲಿಯನ್ನೂ ಹಸಿರಿನ ಬಹುಪಾಲನ್ನೂ ನೀನು ನುಂಗಿ, ಕೆಂಪನ್ನಷ್ಟೇ ದಾಟಲು ಬಿಟ್ಟಿದ್ದೆ. ಎಲೆಕ್ಟ್ರಾನು ನೆಗೆಯಬೇಕಾದ ನಿನ್ನ ಶಕ್ತಿ ಅಂತರ ಸುಮಾರು 1.7 ಎಲೆಕ್ಟ್ರಾನ್ ವೋಲ್ಟ್, ಸ್ಫಟಿಕದ್ದು 1.1. ಅದಕ್ಕೇ 730 ನ್ಯಾನೊಮೀಟರಿನಾಚೆಯ ಅವಕೆಂಪು ನಿನಗೆ ದಕ್ಕುವುದಿಲ್ಲ. ಸ್ಪೆಕ್ಟ್ರೋಮೀಟರಿಗೆ ಇಟ್ಟಾಗ, ದಾಟಿದ ಬೆಳಕಿನ ಗೆರೆ ಆ ಕಡೆ ನೇರವಾಗಿ ಓಡದೆ ಅಲೆಯಲೆಯಾಗಿ ಏರಿಳಿಯಿತು. ಪದರದ ಮೇಲ್ಮೈ, ತಳ ಎರಡರಿಂದಲೂ ಮರಳಿದ ಬೆಳಕು ಒಂದಕ್ಕೊಂದು ಕೂಡಿ ಕಳೆದ ಗುರುತು ಅದು. ಆ ಅಲೆಗಳ ಏರಿಳಿತದಿಂದಲೇ ನಿನ್ನ ದಪ್ಪವನ್ನೂ ವಕ್ರೀಭವನಾಂಕವನ್ನೂ ಲೆಕ್ಕಹಾಕುವ ದಾರಿಯನ್ನು ಸ್ವಾನೆಪೂಲ್ ಎಂಬ ಸಂಶೋಧಕರು 1983ರಲ್ಲಿ ತೋರಿಸಿಕೊಟ್ಟರು. ಮುಟ್ಟದೆ, ಗೀರದೆ ನಿನ್ನ ಮೈಯ ಅಳತೆ ಸಿಕ್ಕಿದ ಆ ಸಂಜೆ ನಾನು ಊಟ ಮರೆತಿದ್ದೆ.

ಸಂಕಟದ ಮಾತನ್ನೂ ಬರೆಯಲೇಬೇಕು. 1976ರಲ್ಲಿ ಪ್ರಿನ್ಸ್‌ಟನ್ನಿನ ಆರ್‌ಸಿಎ ಪ್ರಯೋಗಾಲಯದಲ್ಲಿ ಡೇವಿಡ್ ಕಾರ್ಲ್‌ಸನ್ ಮತ್ತು ಕ್ರಿಸ್ಟೋಫರ್ ವ್ರೋನ್ಸ್ಕಿ ನಿನ್ನಿಂದ ಸೌರಕೋಶ ಮಾಡಿದರು. ದಕ್ಷತೆ ಶೇಕಡಾ 2.4. ಮರುವರ್ಷವೇ, ಅದೇ ಪ್ರಯೋಗಾಲಯದಲ್ಲಿ, ಅದೇ ವ್ರೋನ್ಸ್ಕಿ ಡೇವಿಡ್ ಸ್ಟೇಬ್ಲರ್ ಜೊತೆಗೂಡಿ ನಿನ್ನ ಕಾಯಿಲೆಯನ್ನೂ ಪತ್ತೆಹಚ್ಚಿದರು. ತೀಕ್ಷ್ಣ ಬೆಳಕಿನಲ್ಲಿ ಕೆಲವು ಗಂಟೆ ಇಟ್ಟರೆ ನಿನ್ನ ವಾಹಕತೆ ಕುಸಿಯುತ್ತದೆ. 150 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಕಾಯಿಸಿದರೆ ಮತ್ತೆ ಚೇತರಿಸಿಕೊಳ್ಳುತ್ತದೆ. ಯಾವ ಬೆಳಕು ನಿನಗೆ ಅನ್ನವೋ ಅದೇ ನಿನಗೆ ನೋವು. ಜೋಡಿ ಸಿಗದ ಬಂಧಗಳ ಬಾಯಿ ಮುಚ್ಚಲು ನಿನ್ನೊಳಗೆ ಹೈಡ್ರೋಜನ್ ಸೇರಿಸಿದ್ದೂ ಈ ಬಳಲಿಕೆಯನ್ನು ಪೂರ್ತಿ ತಪ್ಪಿಸಲಿಲ್ಲ.

ಮನೆಯ ಮಾಳಿಗೆಯ ಸ್ಪರ್ಧೆಯಲ್ಲಿ ನೀನು ಸೋತೆ, ನಿಜ. ದಕ್ಷತೆಯಲ್ಲಿ ಶೇಕಡಾ 20 ದಾಟಿದ ಸ್ಫಟಿಕದ ಫಲಕಗಳ ಮುಂದೆ ನಿನ್ನ ಫಲಕ ನಿಲ್ಲಲಿಲ್ಲ. ಆದರೆ ಇಂದು ಹೆಚ್ಚು ದಕ್ಷತೆಯ ಹೆಟೆರೊಜಂಕ್ಷನ್ ಕೋಶಗಳಲ್ಲಿ ಅದೇ ಸ್ಫಟಿಕದ ಮೈಗೆ ಹೊದಿಸಿರುವುದು ನಿನ್ನನ್ನೇ, ಐದು-ಹತ್ತು ನ್ಯಾನೊಮೀಟರಿನಷ್ಟು ತೆಳುವಾಗಿ. ದಪ್ಪವಾದರೆ ನೀಲಿ ಬೆಳಕನ್ನು ನೀನೇ ತಿಂದುಬಿಡುತ್ತೀಯೆಂದು ಅಷ್ಟು ಎಚ್ಚರ.

ಈ ಪತ್ರ ಓದುವ ಭೌತಶಾಸ್ತ್ರದ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ. ಅರೆವಾಹಕದ ಪಾಠವನ್ನು ಸ್ಫಟಿಕದ ಚಿತ್ರಕ್ಕೆ ಮುಗಿಸಬೇಡಿ. ಮಕ್ಕಳ ಕೈಗೆ ಒಂದು ಹಳೆಯ ಸೌರ ಕ್ಯಾಲ್ಕುಲೇಟರು ಕೊಟ್ಟು, ಬೆರಳು ಮುಚ್ಚಿ ನೋಡಲು ಹೇಳಿ.

ಇಂತಿ ನಿನ್ನ,
ಒಬ್ಬ ಭೌತಶಾಸ್ತ್ರದ ಮೇಷ್ಟ್ರು