ಬಡವರಾಗಲು ಕನಿಷ್ಠ ಅರ್ಹತೆ

ಹೈದರಾಬಾದಿನಲ್ಲಿ ಬಡವರಾಗುವುದು ಅಷ್ಟು ಸಲೀಸಲ್ಲ. ಹಸಿವಿದ್ದರೆ ಸಾಲದು, ವಿಳಾಸವೂ ಬೇಕು. ಹೋದ ವರ್ಷವೂ ಇದೇ ಓಣಿಯಲ್ಲಿ ಕಾಸಿಲ್ಲದೆ ಇದ್ದೆ, ಬರುವ ವರ್ಷವೂ ಇಲ್ಲೇ ಕಾಸಿಲ್ಲದೆ ಇರುತ್ತೇನೆ ಎಂಬ ಖಾತರಿ ಕೊಡಬೇಕು. ಯಾದಗಿರಿಯಿಂದಲೋ ರಾಯಚೂರಿನಿಂದಲೋ ಗುಳೆ ಬಂದು, ನಾಲ್ಕು ತಿಂಗಳು ಸೆಂಟ್ರಿಂಗ್ ಕೆಲಸ ಮಾಡಿ, ಉಗಾದಿಗೆ ಊರಿನ ಬಸ್ಸು ಹತ್ತುವವರು ಈ ಪರೀಕ್ಷೆಯ ಮೊದಲ ಸುತ್ತಿನಲ್ಲೇ ಡುಮ್ಕಿ. ಅವರು ಬಡವರಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಲೆಕ್ಕ ಇಡಲು ಅನುಕೂಲವಿಲ್ಲ, ಅಷ್ಟೇ.

ನಾನು ಕುಹಕವಾಡುತ್ತಿದ್ದೇನೆ ಅಂದುಕೊಳ್ಳಬೇಡಿ. ಜಗತ್ತಿನ ಹೆಸರಾಂತ ಬಡತನ ಸಂಶೋಧನೆಗಳಲ್ಲಿ ಒಂದು ಇದೇ ಊರಿನ ಬಸ್ತಿಗಳಲ್ಲಿ ನಡೆದಿದೆ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ, ರೇಚಲ್ ಗ್ಲೆನರ್‌ಸ್ಟರ್, ಸಿಂಥಿಯಾ ಕಿನನ್ ಎಂಬ ನಾಲ್ವರು ಅರ್ಥಶಾಸ್ತ್ರಜ್ಞರು ಸ್ಪಂದನ ಎಂಬ ಕಿರುಸಾಲದ ಸಂಸ್ಥೆಯ ಜೊತೆ ಸೇರಿ 2005ರಲ್ಲಿ ಕೈಹಾಕಿದ ಕೆಲಸ ಅದು. ಬಡವರಿಗೆ ಸಾಲ ಕೊಟ್ಟರೆ ಬಡತನ ಹೋಗುತ್ತದೆಯೇ ಎಂಬುದು ಪ್ರಶ್ನೆ. ಸಂಸ್ಥೆ 120 ಬಸ್ತಿಗಳನ್ನು ಆರಿಸಿತು. ಆರಿಸುವಾಗ ಒಂದು ನಿಯಮ ಇಟ್ಟುಕೊಂಡಿತ್ತು: ಜನ ಬಡವರಾಗಿರಬೇಕು, ಕಡುಬಡವರಾಗಿರಬಾರದು. ಕಟ್ಟಡ ಕಾರ್ಮಿಕರು ಕಿಕ್ಕಿರಿದ ಜಾಗಗಳನ್ನು ಮೊದಲೇ ಬಿಟ್ಟಿತು. ಒಂದೇ ಕಡೆ ನಿಲ್ಲದವರಿಗೆ ಯಾರು ಸಾಲ ಕೊಡುತ್ತಾರೆ? ಆಮೇಲೆ ನೋಡಿದರೆ ಇನ್ನೂ 16 ಬಸ್ತಿಗಳಲ್ಲಿ ವಲಸೆ ಕೂಲಿಗಳೇ ತುಂಬಿದ್ದರು. ಅವನ್ನೂ ಕೈಬಿಟ್ಟರು. ಉಳಿದದ್ದು 104. ಅದರಲ್ಲಿ 52ಕ್ಕೆ ಸಾಲದ ಭಾಗ್ಯ, 52ಕ್ಕೆ ಕಾಯುವ ಭಾಗ್ಯ. ಯಾರ ಹಣೆಬರಹ ಯಾವುದೆಂದು ತೀರ್ಮಾನಿಸಿದ್ದು ಒಂದು ಬಗೆಯ ಚೀಟಿ ಎತ್ತುವಿಕೆ.

ಸಾಲ ಕೊಡುವವರ ಕಡೆಯಿಂದ ನೋಡಿದರೆ ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ಆರರಿಂದ ಹತ್ತು ಹೆಂಗಸರ ಗುಂಪು, ಮೊದಲ ಸಲ ತಲೆಗೆ ಹತ್ತು ಸಾವಿರ, ವಾರಕ್ಕೊಂದು ಕಂತಿನಂತೆ 50 ವಾರ. ಮೂವತ್ತನೇ ವಾರಕ್ಕೆ ಗಂಟುಮೂಟೆ ಕಟ್ಟಿಕೊಂಡು ಸುರಪುರದ ಬಸ್ಸು ಹತ್ತುವವಳಿಗೆ ಯಾವ ಪುಣ್ಯಾತ್ಮ ಸಾಲ ಕೊಟ್ಟಾನು? ನನ್ನ ತಕರಾರು ಸಾಹುಕಾರನ ಮೇಲಿಲ್ಲ. ಸಾಹುಕಾರ ಯಾರನ್ನು ನಂಬುತ್ತಾನೋ ಅವರನ್ನೇ ವಿದ್ವಾಂಸನೂ ನೋಡಿ, ಆ ಊರಿನ ಬಡವರನ್ನು ನೋಡಿ ಬಂದೆ ಎಂಬ ಹೆಸರು ಪಡೆದರೆ ಹೇಗೆ ಎಂಬುದಷ್ಟೇ.

ಫಲಿತಾಂಶ ಮಾತ್ರ ಪ್ರಾಮಾಣಿಕವಾಗಿಯೇ ಬಂತು. 2015ರಲ್ಲಿ ಅಚ್ಚಾದ ಪ್ರಬಂಧದ ತಲೆಬರಹದಲ್ಲೇ ಕಿರುಸಾಲದ ಪವಾಡದ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಇತ್ತು. ಅಂಗಡಿ ಇದ್ದವರ ಅಂಗಡಿಗೆ ನಾಲ್ಕು ಕಾಸು ಹೆಚ್ಚು ಬಂಡವಾಳ ಬಿತ್ತು. ಆರೋಗ್ಯ, ಮಕ್ಕಳ ಓದು, ಮನೆಯಲ್ಲಿ ಹೆಂಗಸಿನ ಮಾತಿಗೆ ಬೆಲೆ, ಇವೆಲ್ಲ ಇದ್ದಲ್ಲೇ ಇದ್ದವು. ಒಂದು ಮಾತ್ರ ಇಳಿಯಿತು. ಎಲೆ ಅಡಿಕೆ, ತಂಬಾಕು, ಹೆಂಡ, ಜೂಜು, ಹೊರಗಿನ ತಿಂಡಿ ಇವನ್ನೆಲ್ಲ ಒಂದೇ ಪುಟ್ಟಿಗೆ ತುಂಬಿ ವಿದ್ವಾಂಸರು ಚಪಲದ ವಸ್ತುಗಳೆಂದು ಹೆಸರಿಟ್ಟಿದ್ದರು. ಆ ಖರ್ಚು ಕಡಿಮೆಯಾಯಿತು. ಕಂತು ಕಟ್ಟಬೇಕಲ್ಲ, ಮಿರ್ಚಿಗೆ ದುಡ್ಡೆಲ್ಲಿ?

2019ರ ಅಕ್ಟೋಬರಿನಲ್ಲಿ ಬ್ಯಾನರ್ಜಿ ಮತ್ತು ಡುಫ್ಲೊ ಅವರಿಗೆ, ಮೈಕೇಲ್ ಕ್ರೆಮರ್ ಜೊತೆಯಲ್ಲಿ, ಬಡತನ ನೀಗಿಸುವ ಪ್ರಯೋಗಗಳಿಗಾಗಿ ನೊಬೆಲ್ ಬಂತು. ಅದೇ ತಿಂಗಳ ಕೊನೆಯಲ್ಲಿ ಯುನೆಸ್ಕೊ ಹೈದರಾಬಾದಿಗೆ ಪಾಕಕಲೆಯ ಸೃಜನಶೀಲ ನಗರ ಎಂಬ ಬಿರುದು ಕೊಟ್ಟಿತು. ಬಂಡಿಯ ಮುಂದೆ ನಿಂತು ತಿಂದರೆ ಬಸ್ತಿಯವನಿಗೆ ಅದು ಚಪಲ; ಅದೇ ಊರಿನ ಅದೇ ತಿನಿಸು ನಗರಕ್ಕೆ ಪರಂಪರೆ. ತಿನ್ನುವವನ ಪಿನ್‌ಕೋಡ್ ನೋಡಿ ಹೆಸರಿಡಬೇಕು ಅಂತ ಕಾಣುತ್ತದೆ.

ಪ್ರಯೋಗಕ್ಕೂ ನೊಬೆಲಿಗೂ ನಡುವೆ ನಡೆದದ್ದನ್ನೂ ಹೇಳಬೇಕು. ಮೊದಲ ಸುತ್ತಿನ ಅಳತೆ ಮುಗಿದ ಮೇಲೆ ಕಾಯುತ್ತಿದ್ದ ಬಸ್ತಿಗಳಿಗೂ ಸಾಲ ಹೊಕ್ಕಿತು. ಕಂಪನಿಗಳು ಒಂದರ ಬೆನ್ನಿಗೆ ಒಂದು ಬಂದವು. 2010ರ ಆಗಸ್ಟಿನಲ್ಲಿ ಇದೇ ಊರಿನ ಎಸ್‌ಕೆಎಸ್ ಎಂಬ ಕಿರುಸಾಲದ ಕಂಪನಿ ಷೇರು ಮಾರುಕಟ್ಟೆಗೆ ಇಳಿದು ಬಡವರ ಕಂತಿಗೂ ಮುಂಬೈಯಲ್ಲಿ ಬೆಲೆಯಿದೆ ಎಂದು ತೋರಿಸಿತು. ಅಕ್ಟೋಬರಿನ ಹೊತ್ತಿಗೆ, ಸಾಲಗಾರರ ಆತ್ಮಹತ್ಯೆಗಳ ಸುದ್ದಿಯ ನಡುವೆ, ಆಂಧ್ರ ಸರ್ಕಾರ ಸುಗ್ರೀವಾಜ್ಞೆ ತಂದು ಇಡೀ ವ್ಯವಹಾರಕ್ಕೆ ಬೀಗ ಜಡಿಯಿತು.

ಇನ್ನು ಬಡತನದ ರೇಖೆ. 2014ರಲ್ಲಿ ಸಿ. ರಂಗರಾಜನ್ ಸಮಿತಿ, ನಗರದಲ್ಲಿ ದಿನಕ್ಕೆ 47 ರೂಪಾಯಿಗಿಂತ ಹೆಚ್ಚು ಖರ್ಚು ಮಾಡುವವರು ಬಡವರಲ್ಲ ಎಂದಿತು. ಅದಕ್ಕೂ ಹಿಂದಿನ ತೆಂಡೂಲ್ಕರ್ ಲೆಕ್ಕದಲ್ಲಿ 33 ರೂಪಾಯಿ ಇತ್ತು, ಹಾಗಾಗಿ ಇದು ಔದಾರ್ಯವೇ. ರಂಗರಾಜನ್ 1997ರಿಂದ ಐದು ವರ್ಷ ಅವಿಭಜಿತ ಆಂಧ್ರದ ರಾಜ್ಯಪಾಲರಾಗಿ ಇದೇ ಹೈದರಾಬಾದಿನ ರಾಜಭವನದಲ್ಲಿದ್ದವರು. ಈ ಊರಿನ ಸೊಪ್ಪಿನ ದರ ಅವರಿಗೆ ತಿಳಿಯದೆ ಇರಲಿಕ್ಕಿಲ್ಲ. ರೇಖೆಯ ಕೆಳಗಿನವರ ಕಥೆ ಬೇರೆ: 2017ರ ನವೆಂಬರಿನಲ್ಲಿ ಇವಾಂಕಾ ಟ್ರಂಪ್ ಬರುವ ಜಾಗತಿಕ ಉದ್ಯಮಶೀಲರ ಶೃಂಗಸಭೆಗೆ ಮುಂಚೆ ಪೊಲೀಸರು ಎರಡು ತಿಂಗಳು ಭಿಕ್ಷೆ ನಿಷೇಧಿಸಿ, ಭಿಕ್ಷುಕರನ್ನು ಜೈಲಿನ ಆವರಣದ ಆಶ್ರಮಗಳಿಗೆ ಸಾಗಿಸಿದರು. ಭಿಕ್ಷುಕರ ಸುಳಿವು ಕೊಟ್ಟವರಿಗೆ 500 ರೂಪಾಯಿ ಬಹುಮಾನ ಎಂದು ಬಂದೀಖಾನೆ ಇಲಾಖೆ ಸಾರಿತು. ರಂಗರಾಜನ್ ಲೆಕ್ಕದಲ್ಲಿ ಇದು ಹತ್ತು ದಿನದ ಜೀವನ. ಒಬ್ಬ ಬಡವ ಇನ್ನೊಬ್ಬನನ್ನು ತೋರಿಸಿಕೊಟ್ಟರೆ ಆ ಹತ್ತು ದಿನವಾದರೂ ತಾನು ರೇಖೆಯ ಮೇಲೆ. ಬಡತನ ನಿರ್ಮೂಲನೆಯ ಇಷ್ಟು ಸರಳ ಯೋಜನೆ ದೆಹಲಿಯವರಿಗೂ ಹೊಳೆದಿರಲಿಲ್ಲ.

ಈಗ ರೇಖೆಯೂ ಹಳತಾಯಿತು. ನೀತಿ ಆಯೋಗದ ಬಹುಆಯಾಮ ಬಡತನಕ್ಕೆ 12 ಸೂಚಕಗಳು. ಬ್ಯಾಂಕ್ ಖಾತೆ ಇದ್ದರೆ ಆ ಬಾಬತ್ತಿನಲ್ಲಿ ನೀವು ಬಡವರಲ್ಲ. ಖಾತೆಯಲ್ಲಿ ಎಷ್ಟಿದೆ ಎಂದು ಕೇಳುವುದು ಅಸಭ್ಯತೆ. ಬಾಡಿಗೆ ಎಂಬ ಪದಾರ್ಥ ಆ ಹನ್ನೆರಡರಲ್ಲಿ ಇಲ್ಲ. ನಗರದಲ್ಲಿ ಬದುಕಿದ ಯಾರನ್ನಾದರೂ ಕೇಳಿ, ತಿಂಗಳ ಮೊದಲ ವಾರ ಎದೆ ಹೊಡೆದುಕೊಳ್ಳುವುದು ಯಾತಕ್ಕೆ ಎಂದು.

ಬೇಗಂಪೇಟೆಯಲ್ಲಿ ನಿಜಾಮಿಯಾ ವೀಕ್ಷಣಾಲಯದ ಅಂಗಳ ಒಂದಿದೆ. ನಿಜಾಮರ ಕಾಲದಲ್ಲಿ ಅಲ್ಲಿ ಕೂತು ಲಕ್ಷಾಂತರ ನಕ್ಷತ್ರಗಳನ್ನು ಎಣಿಸಿ, ಒಂದೊಂದರ ಜಾಗ ಬರೆದಿಟ್ಟರು. ಈಗ ಅದೇ ಆವರಣದಲ್ಲಿ ಆರ್ಥಿಕ ಮತ್ತು ಸಾಮಾಜಿಕ ಅಧ್ಯಯನ ಕೇಂದ್ರವಿದೆ. ಬಡತನ, ಅಸಮಾನತೆ ಅದರ ವಿಷಯಗಳು. ಮೊದಲಿನವರ ಕೆಲಸವೇ ಹಗುರ ಅನ್ನಿಸುತ್ತದೆ. ನಕ್ಷತ್ರ ಉಗಾದಿಗೆ ಊರಿಗೆ ಹೋಗುವುದಿಲ್ಲ.

ಸರಿ, ಒಂದೇ ಕಡೆ ಬೇರೂರಿದ ಬಡವರಿಗಾದರೂ ಸುಖವುಂಟೆ? ಮೂಸಿ ನದಿಯ ದಂಡೆಯವರನ್ನು ಕೇಳಬೇಕು. 1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ಸಾವಿರಾರು ಜನ ಸತ್ತರು. ಮರುವರ್ಷ ನಿಜಾಮರು ಕರೆಸಿದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಅವರು ಹಾಕಿದ ನಕ್ಷೆಯಂತೆ ನದಿಯನ್ನೂ ಅದರ ಉಪನದಿಯನ್ನೂ ಮೇಲ್ಗಡೆಯೇ ತಡೆದು ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಕಟ್ಟಿದರು. 1912ರಲ್ಲಿ ಹುಟ್ಟಿದ ನಗರ ಸುಧಾರಣಾ ಮಂಡಳಿ ಕೊಳೆಗೇರಿ ಕೆಡವಿ ಹೊಸ ಮನೆ ಕಟ್ಟುವ ಕೆಲಸ ಶುರುಮಾಡಿತು. ಅಲ್ಲಿಂದ ಇಲ್ಲಿಯವರೆಗೆ ಕೊಳೆಗೇರಿ ಕೆಡವುವ ಕೆಲಸ ನಿಂತಿಲ್ಲ, ಕೊಳೆಗೇರಿಯೂ ಮುಗಿದಿಲ್ಲ. 2011ರ ಜನಗಣತಿಯಲ್ಲಿ ನಗರದ 67 ಲಕ್ಷ ಜನರಲ್ಲಿ 22 ಲಕ್ಷಕ್ಕೂ ಮಿಕ್ಕಿ ಅಲ್ಲೇ ಇದ್ದರು.

2024ರ ಸೆಪ್ಟೆಂಬರಿನಲ್ಲಿ ಅದೇ ದಂಡೆಯ ಚಾದರ್‌ಘಾಟ್, ಮೂಸಾನಗರಗಳ ಮನೆಗಳಿಗೆ ಅಧಿಕಾರಿಗಳು ಬಂದರು. ಸಮೀಕ್ಷೆ ಅಂದರು. ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಆರ್‌ಬಿ-ಎಕ್ಸ್ ಎಂದು ಬರೆದರು. ನದಿಯ ಪಾತ್ರಕ್ಕೆ ಸೇರಿದ ಮನೆ, ಕೆಡವಬೇಕಾದ್ದು ಎಂದು ಅದರ ಅರ್ಥ. ಎಣಿಕೆಯಲ್ಲಿ ಸೇರಿದರೆ ಸವಲತ್ತು ಬರುತ್ತದೆ ಎಂದು ನಂಬಿ, ಬಂದ ಬಂದ ಸಮೀಕ್ಷೆಗಳಿಗೆಲ್ಲ ಕುರ್ಚಿ ಹಾಕಿ ನೀರು ಕೊಟ್ಟ ಮನೆಗಳವು. ವಿಳಾಸ ಕೊನೆಗೂ ಖಚಿತವಾಯಿತು, ಜೆಸಿಬಿಗೆ ದಾರಿ ತಪ್ಪದಿರಲಿ ಎಂದು. ಬದಲಿಗೆ ಡಬಲ್ ಬೆಡ್‌ರೂಮ್ ಮನೆ ಕೊಡುತ್ತೇವೆ ಅಂದರು.

ಆ ಮನೆಗಳ ಕಥೆಯೂ ಸ್ವಾರಸ್ಯವಾದದ್ದೇ. 2023ರ ಜೂನಿನಲ್ಲಿ ಕೊಲ್ಲೂರಿನಲ್ಲಿ (ಮೂಕಾಂಬಿಕೆಯ ಕೊಲ್ಲೂರಲ್ಲ, ಸಂಗಾರೆಡ್ಡಿ ಜಿಲ್ಲೆಯದು) ಒಂದೇ ಕಡೆ 15,660 ಮನೆಗಳ ಉದ್ಘಾಟನೆಯಾಯಿತು. ಮನೆ ಒಳ್ಳೆಯದೇ, ಎರಡು ಕೋಣೆ, ಪುಕ್ಕಟೆ. ಕೆಲಸ ಮಾತ್ರ ಹಳೆಯ ಊರಿನಲ್ಲಿ ಉಳಿಯಿತು. ಯಾರಿಗೆ ಮನೆ ಎಂಬುದಕ್ಕೆ ಕಂಪ್ಯೂಟರ್ ಲಾಟರಿ ಎತ್ತಿತು. ಮೊದಲು ಸಾಲಕ್ಕೆ ಚೀಟಿ, ಆಮೇಲೆ ಸೂರಿಗೆ ಚೀಟಿ. ಬಡವ ಆಡಿದರೆ ಜೂಜು ಚಪಲ, ಸರ್ಕಾರ ಆಡಿಸಿದರೆ ಪಾರದರ್ಶಕತೆ.

2024ರ ನವೆಂಬರಿನಲ್ಲಿ ತೆಲಂಗಾಣ ಸರ್ಕಾರ ಮನೆಮನೆ ಜಾತಿ ಸಮೀಕ್ಷೆಗೆ ಇಳಿಯಿತು. ತುಂಬಬೇಕಾದ ಕಲಮುಗಳು 75. ಹತ್ತು ವರ್ಷದ ಹಿಂದೆ, 2014ರ ಆಗಸ್ಟ್ 19ರಂದು, ಒಂದೇ ದಿನದಲ್ಲಿ ಇಡೀ ರಾಜ್ಯವನ್ನು ಎಣಿಸುತ್ತೇವೆಂದು ಬಸ್ಸು, ಅಂಗಡಿ ಎಲ್ಲ ನಿಲ್ಲಿಸಿದ್ದೂ ಇದೇ ರಾಜ್ಯ. ಆಗ ಹೆಸರು ತಪ್ಪಿಹೋದೀತೆಂದು ಜನ ಮುಂಬೈಯಿಂದ ಬಿದ್ದೆದ್ದು ಊರಿಗೆ ಓಡಿದ್ದರು. ಈ ಸಲ ಅವಸರವಿರಲಿಲ್ಲ. ಮೇಡ್ಚಲ್ ಕಡೆ ರಸ್ತೆಯಲ್ಲಿ ಸಮೀಕ್ಷೆಯ ಕಾಗದಗಳು ಚೆಲ್ಲಾಪಿಲ್ಲಿ ಬಿದ್ದಿದ್ದವು. ರಸ್ತೆಯಲ್ಲಿ ಮಲಗುವವರು ಕಾಗದದಲ್ಲಿ ಸಿಗದಿದ್ದರೇನು, ಕಾಗದವೇ ರಸ್ತೆಗೆ ಬಂದು ಮಲಗಿತು. ಸುಮಾರು 16 ಲಕ್ಷ ಜನ ಲೆಕ್ಕಕ್ಕೆ ಸಿಗಲಿಲ್ಲ ಎಂದು ಸರ್ಕಾರವೇ ಒಪ್ಪಿ, ಮರು ಫೆಬ್ರುವರಿಯಲ್ಲಿ ಇನ್ನೊಂದು ಅವಕಾಶ ಕೊಟ್ಟಿತು.

ಸಿಗದವರಲ್ಲಿ ಎರಡು ಬಗೆ. ಮೇಲಿನ ಬಗೆಯವರು ಗೇಟು ತೆಗೆಯುವುದಿಲ್ಲ. ಜೂಬಿಲಿ ಹಿಲ್ಸಿನ ಮನೆಗೆ ಎಷ್ಟು ಕೋಣೆ, ಎಷ್ಟು ಕಾರು ಎಂದು ಕೇಳಲು ಬಂದ ಶಾಲಾ ಮಾಸ್ತರು ವಾಚ್‌ಮನ್ ಕಡೆಯಿಂದಲೇ ಸಲಾಮು ಹೊಡೆಸಿಕೊಂಡು ವಾಪಸು. ಆ ಮನೆಯವರಿಗೆ ಎಣಿಕೆಯಿಂದ ಆಗಬೇಕಾದ್ದು ಏನೂ ಇಲ್ಲ. ಅಸಮಾನತೆಯ ಅಧ್ಯಯನ ಅಂದರೆ ಬಡವರ ಅಧ್ಯಯನ ಎಂದೇ ಆಗಿಬಿಟ್ಟಿರುವುದಕ್ಕೆ ಇದೂ ಒಂದು ಕಾರಣ: ಬಡವರ ಮನೆಗೆ ಗೇಟಿಲ್ಲ. ಇನ್ನೊಂದು ಬಗೆಯವರಿಗೆ ತೆಗೆಯಲು ಬಾಗಿಲೇ ಇಲ್ಲ. ಅವರದು ಊರಲ್ಲಿ ಬೀಗ ಹಾಕಿದ ಮನೆ. ಇಲ್ಲಿ ನಾರ್ಸಿಂಗಿಯಲ್ಲೋ ಕೊಂಡಾಪುರದಲ್ಲೋ ಏಳುತ್ತಿರುವ ಮಹಡಿಯ ಪಕ್ಕ ತಗಡಿನ ಶೆಡ್ಡು. ಊರಿನ ಸಮೀಕ್ಷೆಯವರು ಅವರು ಹೈದರಾಬಾದಿನಲ್ಲಿದ್ದಾರೆ ಎಂದು ಬರೆದುಕೊಳ್ಳುತ್ತಾರೆ, ಹೈದರಾಬಾದಿನವರು ಕರ್ನಾಟಕದವರು ಎಂದು ಬಿಡುತ್ತಾರೆ. 1956ರವರೆಗೆ ಯಾದಗಿರಿ, ರಾಯಚೂರುಗಳೂ ಹೈದರಾಬಾದೂ ಒಂದೇ ಸರ್ಕಾರದಡಿ ಇದ್ದವು ಎಂಬುದು ಈಗ ಯಾರಿಗೂ ಉಪಯೋಗಕ್ಕೆ ಬಾರದ ಮಾಹಿತಿ.

ಆದರೂ ಛಲ ಬಿಡದ ಸಂಶೋಧಕನೊಬ್ಬ ಅಂಥ ಶೆಡ್ಡಿಗೆ ಟ್ಯಾಬು ಹಿಡಿದು ಬಂದ ಎಂದೇ ಇಟ್ಟುಕೊಳ್ಳಿ. ಹೊತ್ತು ಮುಂಜಾನೆ ಆರೂವರೆ. ಮೂರು ಕಲ್ಲಿನ ಒಲೆಯ ಮೇಲೆ ಅನ್ನ ಕುದಿಯುತ್ತಿದೆ, ಸಿಮೆಂಟ್ ಚೀಲದ ಜೋಳಿಗೆಯಲ್ಲಿ ಕೂಸು ಮಲಗಿದೆ, ಮೇಸ್ತ್ರಿ ಆಗಲೇ ಎರಡು ಸಲ ಸಿಳ್ಳೆ ಹಾಕಿದ್ದಾನೆ.

"ಎಷ್ಟು ವರ್ಷದಿಂದ ಇಲ್ಲಿದ್ದೀರಮ್ಮಾ?"

"ದೀಪಾವಳಿ ಮುಗಿಸಿ ಬಂದೀವ್ರಿ. ಉಗಾದಿಗೆ ಹೋಗ್ತೀವಿ."

ಟ್ಯಾಬಿನಲ್ಲಿ ವರ್ಷದ ಖಾನೆ ಇದೆ, ಹಬ್ಬದ ಖಾನೆ ಇಲ್ಲ. ಸೊನ್ನೆ ಒತ್ತುತ್ತಾನೆ.

"ಮನೆ ಸ್ವಂತದ್ದೋ ಬಾಡಿಗೆಯದೋ?"

"ಯಾವ ಮನಿ ಕೇಳ್ತೀರಿ? ಈ ಶೆಡ್ಡು ಗುತ್ತೇದಾರಂದು. ಅಕಾ ಆ ಹತ್ತಂತಸ್ತಿಂದು ನಾವೇ ಕಟ್ಲಿಕತ್ತೀವಿ, ಇರೋರು ಬ್ಯಾರೆಯವರು."

"ಕೊನೆಯ ಸಲ ಸಾಲ ತಗೊಂಡಿದ್ದು?"

"ಮೇಸ್ತ್ರಿ ಅಡ್ವಾನ್ಸ್ ಕೊಟ್ಟಾನ್ರಿ, ಅದ ತೀರಸಲಿಕ್ಕತ್ತೀವಿ."

ಬ್ಯಾಂಕು, ಸ್ವಸಹಾಯ ಗುಂಪು, ಕಿರುಸಾಲ, ಗೆಳೆಯರು ಎಂದು ಖಾನೆಗಳಿವೆ. ಅವನು 'ಇತರೆ' ಎಂಬುದನ್ನು ಒತ್ತುತ್ತಾನೆ. ಮೂರನೇ ಸಿಳ್ಳೆ ಬೀಳುತ್ತದೆ. ಅವಳು ಗಂಜಿ ಬಸಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಲ್ಲುತ್ತಾಳೆ.

"ಇನ್ನೂ ಎಷ್ಟವರಿ?"

"ಅರವತ್ತೊಂದು ಪ್ರಶ್ನೆ ಉಳಿದಿವೆ, ಅಷ್ಟೇ."

"ಅವನ್ನೆಲ್ಲಾ ಹೇಳಿದ್ರ ಇವತ್ತಿನ ಪಗಾರ ಯಾರ ಕೊಡ್ತಾರ, ನೀವಾ?"